ಬಗೆ ಕೇಳದೆ ಬಗೆಹರಿದದ್ದು

ಮಧ್ಯಾಹ್ನ ನಾನೂ ಸಫಿಯಾಳೂ ಬುತ್ತಿ ಬಿಚ್ಚುವುದು ಒಂದೇ ಮೇಜಿನ ಮೇಲೆ. ಅವಳ ಡಬ್ಬಿಯ ಪತ್ತಿರಿ ಎಂಬ ತೆಳು ಅಕ್ಕಿರೊಟ್ಟಿಗೆ ನನ್ನ ಡಬ್ಬಿಯ ಸಿಹಿಖಾರದ ಮೆಣಸ್ಕಾಯಿ ಗೊಜ್ಜು ಎಷ್ಟು ಚೆನ್ನಾಗಿ ಒಗ್ಗುತ್ತದೆಂದರೆ, ದೇವಸ್ಥಾನದ ಅರ್ಚಕರಾದ ನನ್ನ ಅಪ್ಪನಿಗೆ ಇದನ್ನು ತಿಳಿಸುವ ಅಗತ್ಯ ಈ ತನಕ ನನಗೆ ಕಂಡಿಲ್ಲ. ಮಂಗಳೂರಿನ ಬಿಜೈಯ ಪುಟ್ಟ ಕಚೇರಿಯೊಂದರಲ್ಲಿ ನಾವಿಬ್ಬರೂ ಕಂಪ್ಯೂಟರ್ ಪ್ರೋಗ್ರಾಂ ಬರೆಯುವವರು.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮಲ್ಲಿಗೆ ಹಳೆಯ ಪ್ರೋಗ್ರಾಂ ಒಂದು ರಿಪೇರಿಗೆ ಬಂತು. ಬಜಪೆಯ ವಿಮಾನ ನಿಲ್ದಾಣಕ್ಕೆ ಹೋಗುವವರಿಗೆ ವಾಹನ ಗೊತ್ತುಮಾಡಿಕೊಡುವ ಪ್ರೋಗ್ರಾಂ. ಬರೆದವನು ಸಂಶಯಪ್ರವೃತ್ತಿಯವನಿರಬೇಕು, ಪ್ರೋಗ್ರಾಂ ಓಡುತ್ತಿರುವಾಗಲೇ ಎದುರಿಗೆ ಬಂದ ಪ್ರತಿಯೊಂದನ್ನೂ ತಡೆದು, ‘ನೀನು ಕಾರೋ? ಅಲ್ಲವಾದರೆ ವ್ಯಾನೋ? ಅದೂ ಅಲ್ಲವಾದರೆ ಬಸ್ಸೋ?’ ಎಂದು ಜಾತಕ ವಿಚಾರಿಸಿ, ಆಮೇಲೆಯೇ ಅದಕ್ಕೆ ಕೆಲಸ ಹೇಳುತ್ತಿತ್ತು. ನಮ್ಮ ವೃತ್ತಿಯಲ್ಲಿ ಇದಕ್ಕೆ ಟೈಪ್ ಪರೀಕ್ಷೆ, ಅಂದರೆ ಬಗೆಯ ವಿಚಾರಣೆ, ಎನ್ನುತ್ತಾರೆ. ವಾಹನಗಳ ಮಾಲೀಕರು ಹೊಸದಾಗಿ ಒಂದು ಆಟೋರಿಕ್ಷಾ ಸೇರಿಸಿದ್ದೇ ತಡ, ಯಾವ ಪ್ರಶ್ನೆಗೂ ಹೌದೆನ್ನಲಾಗದ ಆ ಬಡಪಾಯಿಯೆದುರು ಪ್ರೋಗ್ರಾಂ ಕಂಗಾಲಾಗಿ ನಿಂತುಬಿಟ್ಟಿತು.

“ಇನ್ನೊಂದು ಪ್ರಶ್ನೆ ಸೇರಿಸಿದರೆ ಆಯ್ತಲ್ಲ?” ಎಂದೆ.

“ಎಷ್ಟೂಂತ ಸೇರಿಸುದು ಮಾರಾಯ್ತಿ? ನಾಳೆ ಟೆಂಪೋ ತರ್ತಾರೆ,” ಎಂದಳು ಸಫಿಯಾ. “ನೀನು ಯಾರೂಂತ ಕೇಳುದೇ ಬೇಡ. ‘ಹೊರಡು’ ಅಂತ ಹೇಳುವ. ಹೇಗೆ ಹೊರಡುದೂಂತ ಅದಕ್ಕೇ ಗೊತ್ತುಂಟು.”

ಅವಳು ಪ್ರಶ್ನೆಗಳನ್ನೆಲ್ಲ ಅಳಿಸಿ, ಹೊರಡುವ ವಿದ್ಯೆಯನ್ನು ಆಯಾ ವಾಹನಕ್ಕೇ ಕಲಿಸಿದಳು. ಬಗೆ ಕೇಳುವುದನ್ನು ಬಿಟ್ಟಮೇಲೆ ಸಮಸ್ಯೆ ತಾನಾಗಿ ಬಗೆಹರಿಯಿತು.

ಅದೇ ವಾರ ಸಫಿಯಾಳಿಗೆ ಮನೆ ಬೇಕಾಯಿತು. ಅವಳೂ, ಅವಳು ಉಮ್ಮ ಎಂದು ಕರೆಯುವ ತಾಯಿಯೂ ವಾಸವಿದ್ದ ಕಟ್ಟಡವನ್ನು ಕೆಡವುವವರಿದ್ದರು. ತಿಂಗಳ ಕೊನೆಗೆ ಬಿಡಲೇಬೇಕು. ಕಚೇರಿಯ ಹಿಂದಿನ ಬೀದಿಯಲ್ಲಿ ಮಹಡಿಯ ಮನೆಯೊಂದು ಖಾಲಿಯಿದೆಯೆಂದು ತಿಳಿದು ಇಬ್ಬರೂ ಹೋದೆವು. ಫೋನಿನಲ್ಲಿ ಸಫಿಯಾಳ ಸೊಗಸಾದ ತುಳು ಕೇಳಿ ಮನೆಯೊಡತಿ ಆಗಲೇ ಒಲಿದಿದ್ದರು. ಬಾಗಿಲಲ್ಲಿ ಅವಳ ಹೆಸರು ಕೇಳಿದೊಡನೆ, ಆ ಮಹಡಿಗೆ ಇದ್ದಕ್ಕಿದ್ದಂತೆ ಮುಂಬಯಿಯಿಂದ ಅವರ ತಂಗಿಯೊಬ್ಬಳು ಬರುವವಳಾದಳು. ಆಮೇಲೆ ನನ್ನ ಮನೆತನ ವಿಚಾರಿಸಿದರು. ತಂಗಿಯ ಪ್ರಯಾಣ ರದ್ದಾಯಿತು.

“ನೀವಾದರೆ ಬನ್ನಿ. ಗಂಡನಿಗೆ ಎಂತ ಕೆಲಸ?”

“ಗಂಡ ಇಲ್ಲ. ಡೈವೋರ್ಸ್ ಆಗಿದೆ,” ಎಂದೆ.

ತಂಗಿ ಮತ್ತೆ ಮುಂಬಯಿಯಿಂದ ಹೊರಟಳು.

ಗೇಟು ದಾಟಿದ ಮೇಲೆ ಸಫಿಯಾ ನಗುತ್ತಾಳೆಂದುಕೊಂಡಿದ್ದೆ. ನಗಲಿಲ್ಲ. “ನನಗೆ ಅಭ್ಯಾಸ ಉಂಟು. ಉಮ್ಮನಿಗೆ ಎಂತ ಹೇಳುದು?” ಎಂದಳು. ಮಿತ್ರರೇ, ಯಂತ್ರದೊಳಗಿನ ರಿಕ್ಷಾಕ್ಕೆ ಒಂದೇ ಮಧ್ಯಾಹ್ನದಲ್ಲಿ ನ್ಯಾಯ ದೊರಕಿಸಿಕೊಟ್ಟವಳು ಈಗ ಉಮ್ಮನಿಗೊಂದು ಸೂರು ಹುಡುಕುತ್ತ ಬಿಸಿಲಲ್ಲಿ ನಡೆದಳು. ನಾನೂ ಜೊತೆಗೆ ಹೆಜ್ಜೆ ಹಾಕಿದೆ.

ಮತ್ತೂ ಕೆಲವು ಬಾಗಿಲುಗಳಲ್ಲಿ ಇದೇ ವಿಚಾರಣೆ ನಡೆಯಿತು. ಕೊನೆಗೆ ಪಡೀಲಿನಲ್ಲಿ, ರಸ್ತೆಯಿಂದ ತುಸು ಒಳಗೆ, ಹಂಚಿನ ಮನೆಯೊಂದು ಸಿಕ್ಕಿತು. ಪಕ್ಕದ ಮನೆಯಲ್ಲೇ ಇದ್ದ ಅದರ ಯಜಮಾನರು ಬನಿಯನ್ ಹಾಕಿಕೊಂಡೇ ಹೊರಬಂದು ನಮ್ಮಿಬ್ಬರನ್ನೂ ದಿಟ್ಟಿಸಿದರು. ಇನ್ನೇನು ಪ್ರಶ್ನೆ ಬಂತು ಎಂದು ನಾವು ಮೈ ಬಿಗಿಹಿಡಿದು ನಿಂತೆವು.

“ಬಾವಿಯಿಂದ ನೀರು ಸೇದಲಿಕ್ಕೆ ಬರ್ತದಾ? ಪಂಪು ಯಾವಾಗ ಕೈಕೊಡ್ತದೆ ಹೇಳ್ಲಿಕ್ಕಾಗುದಿಲ್ಲ.”

ಸಫಿಯಾ ಚೀಲವನ್ನು ನನ್ನ ಕೈಗಿತ್ತು, ಕೊಡಪಾನ ಇಳಿಸಿ, ತುಂಬಿದ್ದನ್ನು ಸೇದಿ ಕಟ್ಟೆಯ ಮೇಲಿಟ್ಟಳು.

“ಆಯ್ತು. ಯಾವಾಗ ಬರ್ತೀರಿ?” ಎಂದರು ಅವರು.

ಸಫಿಯಾ ನನ್ನ ಕಡೆ ತಿರುಗಿದಳು. ಅಷ್ಟು ದಿನಗಳ ಮೇಲೆ ಅವಳ ಮುಖದಲ್ಲಿ ನಗು ಕಂಡಿತು.

ಸಾಮಾನು ಸಾಗಿಸಿದ ದಿನ ಸಂಜೆ ಉಮ್ಮ ಜಗಲಿಯಲ್ಲಿ ಕುಳಿತು ಚಹಾ ಕುಡಿಯುತ್ತ, ಪಕ್ಕದ ಮನೆಯತ್ತ ಕಣ್ಣು ಹಾಯಿಸಿ, ನನ್ನ ಕಿವಿಯ ಬಳಿ ಬಾಗಿದರು. “ಮನುಷ್ಯ ಒಳ್ಳೆಯವರ ಹಾಗೆ ಕಾಣ್ತಾರೆ. ಯಾವ ಜನ ಅಂತೆ?”

ಒಳಗಿನಿಂದ ಸಫಿಯಾ “ಉಮ್ಮಾ!” ಎಂದು ಗದರಿದಳು.

ಗೊತ್ತಿಲ್ಲ ಎಂದೆ. ಸುಳ್ಳಲ್ಲ. ಬೆಳಿಗ್ಗೆ ಮಂಚ ಇಳಿಸುವ ಗಡಿಬಿಡಿಯಲ್ಲಿ ಅವರ ಬಾಗಿಲ ಮೇಲಿನ ಹೆಸರಿನ ಫಲಕದತ್ತ ನಾನೂ ಕತ್ತು ಉದ್ದಮಾಡಿ ನೋಡಿದ್ದೆ, ಅಕ್ಷರಗಳು ಮಾಸಿಹೋಗಿದ್ದವು.