ಕುಪ್ಪುಸ್ವಾಮಿ ಸೊಪ್ಪು ಒಣಗಿಸಿದ್ದು

ಗಾಳಿ ಅಳೆದು ಸಂಬಳ ತೆಗೆದುಕೊಂಡವನನ್ನು ನಮ್ಮೂರು ನೋಡಿದ್ದು ಒಬ್ಬನನ್ನೇ, ಕುಪ್ಪುಸ್ವಾಮಿಯನ್ನು. ಕೋರಮಂಡಲ್ ಚಿನ್ನದ ಗಣಿಯ ಆಳದಲ್ಲಿ ಸೆಕೆ ಎಷ್ಟು, ಗಾಳಿಯಲ್ಲಿ ತೇವ ಎಷ್ಟು ಎಂದು ಬರೆದುಕೊಳ್ಳುವುದು, ಹೆಚ್ಚಾದರೆ ಆಳುಗಳನ್ನು ಮೇಲಕ್ಕೆ ಕಳಿಸುವುದು ಅವನ ಕೆಲಸ. ಗಣಿ ಮುಚ್ಚಿದ ಮೇಲೆ ಬಂಗಾರಪೇಟೆ ಪಕ್ಕದ ನಮ್ಮೂರಿಗೆ, ಹೆಂಡತಿ ಮುನಿಗಂಗಮ್ಮನ ತವರಿಗೆ, ಮನೆ ಅಳಿಯನಾಗಿ ಬಂದ. ಅಂದಿನಿಂದ ಅವನು ಗಾಳಿಯ ಮಾತು ತೆಗೆದರೆ ಸಾಕು, ಜನಕ್ಕೆಲ್ಲ ಎಲ್ಲಿಲ್ಲದ ಕೆಲಸ ನೆನಪಾಗುತ್ತಿತ್ತು. ನನಗೂ ಆಗುತ್ತಿತ್ತು, ಸುಳ್ಳೇಕೆ ಹೇಳಲಿ.

ಆ ಮನೆಯಲ್ಲಿ ಬೆಲೆಯಿದ್ದದ್ದು ಮುನಿಗಂಗಮ್ಮನ ಕೈಗೆ. ಅವಳು ಅರ್ಧ ಎಕರೆಯಲ್ಲಿ ಹೊಗೆಸೊಪ್ಪು ಬೆಳೆದು ನೆರಳಲ್ಲಿ ಒಣಗಿಸಿದರೆ, ರಾಬರ್ಟ್‌ಸನ್‌ಪೇಟೆಯ ವ್ಯಾಪಾರಿ ಚಲಪತಿ ಬೇರೆಯವರ ಸೊಪ್ಪಿನತ್ತ ತಿರುಗಿಯೂ ನೋಡುತ್ತಿರಲಿಲ್ಲ. ಈ ವರ್ಷ ಸೊಪ್ಪು ಕೊಯ್ದ ವಾರವೇ ಅವಳ ಕಣ್ಣಿನ ಪೊರೆ ತೆಗೆದರು. ಒಂದೂವರೆ ತಿಂಗಳು ಸೊಪ್ಪಿನ ಘಾಟಿನ ಹತ್ತಿರ ಸುಳಿಯಬಾರದೆಂದರು. ಸೊಪ್ಪು ಒಣಗಿಸುವ ಶೆಡ್ಡು ಕುಪ್ಪುಸ್ವಾಮಿಯ ಪಾಲಿಗೆ ಬಂತು. ಚಲಪತಿ ಒಂದೇ ಒಂದು ಸಲ ತನ್ನ ಕೆಲಸವನ್ನು ಒಪ್ಪಿದರೆ ಈ ಊರಲ್ಲಿ ತನಗೂ ಒಂದು ಬೆಲೆ ಬಂದೀತೆಂದು ಅವನಿಗೆ ಆಸೆ ಹುಟ್ಟಿತು.

ಟ್ರಂಕಿನಿಂದ ಹಳೆಯ ಉಪಕರಣ ಹೊರಬಂತು. ಮರದ ಹಿಡಿ, ಎರಡು ಥರ್ಮಾಮೀಟರು, ಒಂದರ ತುದಿಗೆ ಒದ್ದೆ ಬಟ್ಟೆ. ಗಿರಗಿರನೆ ತಿರುಗಿಸಿ ಎರಡರ ವ್ಯತ್ಯಾಸ ನೋಡಿದರೆ ಗಾಳಿಯ ತೇವ ತಿಳಿಯುತ್ತದಂತೆ. ಅವನು ಶೆಡ್ಡಿನಲ್ಲಿ ನಿಂತು ಗಿಲಕಿಯಂತೆ ತಿರುಗಿಸುವುದನ್ನು ಕಂಡ ಪಕ್ಕದ ಮನೆ ಅನಸೂಯಮ್ಮ, ಯಾರಿಗೆ ದೆವ್ವ ಹಿಡಿದಿದೆಯೆಂದು ವಿಚಾರಿಸಿ ಹೋದಳು.

ಎಡವಟ್ಟಾದದ್ದು ಅಲ್ಲೇ. ಸೊಪ್ಪನ್ನು ಅವನು ಗಣಿಯ ಆಳಿನಂತೆ ನೋಡಿಕೊಂಡ. ಪಾದರಸ ಸ್ವಲ್ಪ ಏರಿದರೂ ಪಾಪ ಎನಿಸಿ ಬಾಗಿಲು, ಕಿಂಡಿಗಳನ್ನೆಲ್ಲ ತೆರೆದ. ಮಾಘದ ಒಣಗಾಳಿ ನುಗ್ಗಿತು. ಮೂರನೇ ದಿನ ಮೊದಲ ಸಾಲಿನ ಎಲೆಗಳು ಹಳದಿಗೆ ತಿರುಗುವ ಮೊದಲೇ, ಒಗ್ಗರಣೆಗೆ ಬಿದ್ದ ಕರಿಬೇವಿನಂತೆ ಹಸಿರಾಗಿಯೇ ಗರಿಗರಿಯಾದವು.

ಕಪ್ಪು ಕನ್ನಡಕ ಹಾಕಿ ಜಗಲಿಯಲ್ಲಿ ಕೂತಿದ್ದ ಮುನಿಗಂಗಮ್ಮನಿಗೆ, ಬರಬೇಕಾದ ವಾಸನೆ ಬರದಿದ್ದಾಗಲೇ ಗೊತ್ತಾಯಿತು. ಗಂಡನನ್ನು ಕರೆದಳು.

“ಅದು ಆಳಲ್ಲ ಕಣಯ್ಯ, ಎಲೆ. ನೀನು ಬದುಕಿಸಕ್ಕೆ ಓಗ್ತಿದ್ದೀಯ. ನಿದಾನಕ್ಕೆ ಸಾಯಕ್ಕೆ ಬುಡು.”

ಯಾವುದಕ್ಕೆ ಹೆದರಿ ಇಪ್ಪತ್ತು ವರ್ಷ ಕೆಲಸ ಮಾಡಿದ್ದನೋ ಅದನ್ನೇ ಈಗ ಮಾಡಬೇಕಾಯಿತು. ಕಿಂಡಿ ಮುಚ್ಚಿದ, ನೆಲಕ್ಕೆ ನೀರು ಚಿಮುಕಿಸಿದ, ಒದ್ದೆ ಗೋಣಿಚೀಲ ಇಳಿಬಿಟ್ಟ. ಒಂದು ಮಧ್ಯಾಹ್ನ ಒಳಗಿನ ಅಳತೆ ನೋಡಿ ತಡೆಯಲಾರದೆ, ಸೊಪ್ಪು ನೇತುಹಾಕಿದ್ದ ಗಳಗಳನ್ನು ಸರಿಸಲು ಹೋಗಿದ್ದ ನಮ್ಮನ್ನೆಲ್ಲ ಮೇಲಕ್ಕೆ ಹತ್ತಿ ಎಂದು ಕೂಗಿ ಹೊರಡಿಸಿದ. ಹತ್ತಲು ಅಲ್ಲಿ ಒಂದು ಮೆಟ್ಟಿಲೂ ಇರಲಿಲ್ಲ. ಆಮೇಲೆ, ಗಣಿಯಲ್ಲಿ ಸೆಕೆಗೆ ಬೆಂದ ಆಳುಗಳಿಗೆ ಕೊಡುತ್ತಿದ್ದಂತೆ, ಎಲ್ಲರಿಗೂ ಉಪ್ಪುನೀರು ಕುಡಿಸಿದ. ಕೋಳಿ ಹುಡುಕಿಕೊಂಡು ಬಂದಿದ್ದ ಅನಸೂಯಮ್ಮನನ್ನೂ ಬಿಡಲಿಲ್ಲ.

ನಡುವೆ ಎರಡು ದಿನ ಮೋಡ ಕವಿದು ದಂಟುಗಳ ಮೇಲೆ ಬಿಳಿ ಬೂಷ್ಟು ಕಂಡಿತು. ಆಗ ಅವನು ಯಾರನ್ನೂ ಕೇಳಲಿಲ್ಲ. ಗೋಣಿ ಕಿತ್ತ, ಗಳಗಳನ್ನು ದೂರ ದೂರ ಸರಿಸಿದ, ಎದುರುಬದುರು ಎರಡೇ ಕಿಂಡಿ ತೆರೆದು ಗಾಳಿಯನ್ನು ಸಾಲುಗಳ ನಡುವೆ ಹಾಯಿಸಿದ. ಬೂಷ್ಟು ಅಲ್ಲಿಗೇ ನಿಂತಿತು.

ಆರನೇ ವಾರ, ಇಬ್ಬನಿಗೆ ಎಲೆ ಮೆತ್ತಗಾದ ಬೆಳಗ್ಗೆ ಸೊಪ್ಪು ಇಳಿಸಿದೆವು. ಟೆಂಪೊ ತಂದ ಚಲಪತಿ ಒಂದು ಎಲೆಯನ್ನು ಮುಷ್ಟಿಯಲ್ಲಿ ಹಿಂಡಿ ಬಿಟ್ಟ. ಅದು ಮುರಿಯದೆ ಬಿಚ್ಚಿಕೊಂಡಿತು.

“ಏನಂದ್ರೂ ನಿನ್ ಕೈ ಕೈಯೇ, ಗಂಗಮ್ಮಕ್ಕ.”

ಕುಪ್ಪುಸ್ವಾಮಿ ತಲೆ ತಗ್ಗಿಸಿ ಗೋಣಿ ಮಡಿಸತೊಡಗಿದ.

“ನಾನು ಶೆಡ್ ಒಳಕ್ಕೇ ಓಗಿಲ್ಲಪ್ಪ,” ಎಂದಳು ಮುನಿಗಂಗಮ್ಮ. “ಸೊಪ್ಪು ನಂದು. ಗಾಳಿ ನಮ್ಮೆಜಮಾನ್ರುದು.”

ಚಲಪತಿ ಅವನತ್ತ ತಿರುಗಿ, ಮಳೆಗಾಲದಲ್ಲಿ ತನ್ನ ಗೋಡೌನಿನ ಕಿಟಕಿ ಎಷ್ಟು ತೆರೆದಿಡಬೇಕೆಂದು ಕೇಳಿದ. ಗಣಿ ಬಿಟ್ಟ ಮೇಲೆ ಅವನನ್ನು ಒಬ್ಬರು ಗಾಳಿಯ ಬಗ್ಗೆ ಕೇಳಿದ್ದು ಅದೇ ಮೊದಲು. ಕುಪ್ಪುಸ್ವಾಮಿ ಗೋಣಿ ಕೆಳಗಿಟ್ಟು ಹೇಳಲು ಕೂತ. ಟೆಂಪೊ ಡ್ರೈವರು ಎರಡು ಸಲ ಹಾರನ್ ಹೊಡೆದ. ಮೂರನೇ ಸಲ ಹೊಡೆಯುವ ಬದಲು ತಾನೂ ಇಳಿದು ಬಂದು ಕೇಳುತ್ತಾ ಕೂತುಕೊಂಡ.