ರಿಝ್ವಾನಾ ಬರೆಯುವ ಅನುಮತಿಗಳು

ಕುಂಬಳೆಯ ಖಾಸಗಿ ಆಸ್ಪತ್ರೆಯೊಂದರ ಔಷಧಿ ಕೌಂಟರಿನ ಹಿಂದಿನ ಸಣ್ಣ ಕೋಣೆ. ಹೊರಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸರ್ವರಿನ ಎದುರು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕುಳಿತ ರಿಝ್ವಾನಾ ಪರದೆಯಲ್ಲಿ ತೆರೆದ ಕಡತದ ಒಂದೇ ಸಾಲನ್ನು ಬರೆಯುತ್ತಾರೆ, ಅಳಿಸುತ್ತಾರೆ, ಮತ್ತೆ ಬರೆಯುತ್ತಾರೆ. ಉಪ್ಪಳದಿಂದ ಮೊದಲ ಬಸ್ಸಿಗೆ ಬಂದಿದ್ದಾರೆ. ಹೊರರೋಗಿಗಳ ಒ.ಪಿ. ಶುರುವಾದ ಮೇಲೆ ಈ ಕಡತವನ್ನು ಮುಟ್ಟುವ ಧೈರ್ಯ ಅವರಿಗಿಲ್ಲ.

“ಅಕ್ಷರ ತಪ್ಪಿದ್ರೆ ಉಳಿಸುವ ಮೊದಲು ಕಂಪ್ಯೂಟರೇ ಹೇಳ್ತದೆ. ಕೊಡಬಾರದವರಿಗೆ ಅನುಮತಿ ಕೊಟ್ಟರೆ ಅದಕ್ಕೆಂತ ಗೊತ್ತಾಗ್ತದೆ?” ಎನ್ನುತ್ತಾ ಕಣ್ಣುಜ್ಜಿಕೊಳ್ಳುತ್ತಾರೆ.

ಲಿನಕ್ಸ್ ಸರ್ವರಿನಲ್ಲಿ ಏನನ್ನೂ ಮಾಡಬಲ್ಲ ಬಳಕೆದಾರನಿಗೆ ‘ರೂಟ್’ ಎಂದು ಹೆಸರು. ಉಳಿದವರಲ್ಲಿ ಯಾರು, ಆ ಹೆಸರಿನಲ್ಲಿ ಯಾವ ಆಜ್ಞೆಯನ್ನು ಮಾತ್ರ ನಡೆಸಬಹುದು ಎಂಬುದನ್ನು ತೀರ್ಮಾನಿಸುವುದು ‘ಸುಡೂ’ ನಿಯಮಗಳು. ಅವನ್ನು ಬರೆಯುವುದೇ ರಿಝ್ವಾನಾ ಅವರ ಕೆಲಸ.

ಮಂಗಲ್ಪಾಡಿಯ ಬ್ಯಾರಿ ಮನೆತನದ ಇವರು ಡಿಪ್ಲೊಮಾ ಮುಗಿಸಿ ಸೇರಿದ್ದು ಬಿಲ್ಲಿಂಗ್ ಕೌಂಟರಿಗೆ. ಕಂಪ್ಯೂಟರ್ ಕೈಕೊಟ್ಟಾಗಲೆಲ್ಲ ಕರೆದು ಕರೆದು, ಕೊನೆಗೆ ಸರ್ವರಿನ ಭಾರವೂ ಅವರ ತಲೆಗೇ ಬಂತು. ಆಗ ರೂಟ್‌ನ ಪಾಸ್‌ವರ್ಡನ್ನು ಲ್ಯಾಬಿನ ಗೋಡೆಯ ಮೇಲೇ ಅಂಟಿಸಿದ್ದರು. ಯಾರು ಬೇಕಾದರೂ ಒಳಹೊಕ್ಕು ಬರಬಹುದಿತ್ತು.

ಹೋದ ಮಳೆಗಾಲದಲ್ಲಿ ಸರ್ವರಿನಲ್ಲಿ ಜಾಗ ತುಂಬಿತೆಂದು ಯಾರೋ ಒಂದು ಫೋಲ್ಡರ್ ಅಳಿಸಿದರು. ಡಯಾಲಿಸಿಸ್ ರೋಗಿಗಳ ಹಳೆಯ ರಿಪೋರ್ಟುಗಳೆಲ್ಲ ಅದರಲ್ಲಿದ್ದವು. ಎಲ್ಲರೂ ಒಂದೇ ಹೆಸರಿನಲ್ಲಿ ಒಳಬರುತ್ತಿದ್ದುದರಿಂದ ಅಳಿಸಿದ್ದು ಯಾರೆಂದು ತಿಳಿಯಲಿಲ್ಲ. ಬೈಗುಳ ಬಿದ್ದದ್ದು ರಿಝ್ವಾನಾ ಅವರಿಗೆ. ರೋಗಿಗಳ ಮನೆಯಲ್ಲಿದ್ದ ಕಾಗದಗಳನ್ನು ತರಿಸಿ, ವಾರಗಟ್ಟಲೆ ಕುಳಿತು ಮತ್ತೆ ತುಂಬಿಸಿದರು.

“ಒಬ್ಬರು ಅಜ್ಜ ಸೂಜಿ ಚುಚ್ಚಿದ ಕೈಯಲ್ಲೇ ಕಾಗದ ತುಂಬಿದ ಪ್ಲಾಸ್ಟಿಕ್ ತೊಟ್ಟೆ ಹಿಡ್ಕೊಂಡು ಬಂದ್ರು. ‘ಇದನ್ನಾದ್ರೂ ಕಳೀಬೇಡಿ ಮಗಳೇ’ ಅಂದ್ರು. ನನಗೆ ತಲೆ ಎತ್ಲಿಕ್ಕೆ ಆಗ್ಲಿಲ್ಲ.”

ಆಮೇಲೆ ಪಾಸ್‌ವರ್ಡ್ ಬದಲಾಯಿತು. ಒಬ್ಬೊಬ್ಬರಿಗೂ ಅವರ ಕೆಲಸಕ್ಕೆ ಬೇಕಾದಷ್ಟೇ ಅನುಮತಿ. ಲ್ಯಾಬಿನ ಹಿರಿಯ ಟೆಕ್ನಿಷಿಯನ್ ಜಲಜಾಕ್ಷಿ ಅವರಿಗೆ ಕೊಟ್ಟದ್ದು ಒಂದೇ ಆಜ್ಞೆ: ರಿಪೋರ್ಟ್ ಕಳಿಸುವ ಪ್ರೋಗ್ರಾಂ ನಿಂತರೆ ಮತ್ತೆ ಚಾಲೂ ಮಾಡುವುದು. “ನಾನೆಂತ ಕಳ್ಳಿಯಾ?” ಎಂದು ಕೇಳಿದ ಜಲಜಾಕ್ಷಿ ಮುಂದೆ ತಿಂಗಳುಗಟ್ಟಲೆ ಇವರೊಟ್ಟಿಗೆ ಚಾ ಕುಡಿಯಲಿಲ್ಲ. ಮ್ಯಾನೇಜರ್ ಮುರಳೀಕೃಷ್ಣ ಅವರದು ಬೇರೆಯೇ ರಾಗ. “ಪ್ರತಿಯೊಂದಕ್ಕೂ ನಿಮಗೆ ಫೋನ್ ಮಾಡುದಾ? ಎಲ್ಲರಿಗೂ ಎಲ್ಲ ಕೊಟ್ಟುಬಿಡಿ ಮಾರಾಯ್ರೆ.”

ಫೋನ್ ಬರುವುದೇನೋ ನಿಜ. ಮದುವೆಯ ಊಟಕ್ಕೆ ಕುಳಿತಾಗ ಬರುತ್ತದೆ, ಬಸ್ಸಿನಲ್ಲಿ ನಿಂತಿರುವಾಗ ಬರುತ್ತದೆ, ನಮಾಜು ಮುಗಿಸಿ ನೋಡಿದರೆ ಬಂದಿರುತ್ತದೆ. ಪ್ರತಿ ಕರೆಗೂ ಯೋಚಿಸಿ ಒಂದು ಸಾಲು ಬರೆಯಬೇಕು, ಇಲ್ಲವೇ ಆಗುವುದಿಲ್ಲ ಎಂದು ಹೇಳಿ ಜಗಳ ಕೇಳಬೇಕು. “ಹೌದು ಅನ್ನುದು ಸುಲಭ. ಇಲ್ಲ ಅಂತ ಹೇಳಿ ಹೇಳಿ ಸಾಕಾಗ್ತದೆ,” ಎನ್ನುತ್ತಾರೆ.

ಈ ವರ್ಷ ತಾಯಿ ನಬೀಸುಮ್ಮ ಅವರಿಗೆ ಉಸಿರಾಟದ ತೊಂದರೆಯಾಗಿ ಮಂಗಳೂರಿನಲ್ಲಿ ಐಸಿಯುಗೆ ಸೇರಿಸಬೇಕಾಯಿತು. ರಿಝ್ವಾನಾ ಫೋನ್ ಆಫ್ ಮಾಡಿ ತಾಯಿಯ ಪಕ್ಕ ನಿಂತಿದ್ದ ಹೊತ್ತಿಗೇ ಇಲ್ಲಿ ಲ್ಯಾಬಿನ ಪ್ರೋಗ್ರಾಂ ನಿಂತಿತು. ಡಯಾಲಿಸಿಸ್ ಕೋಣೆಯಲ್ಲಿ ಹೆಂಗಸೊಬ್ಬರ ಸ್ಥಿತಿ ಬಿಗಡಾಯಿಸಿತ್ತು, ಡಾಕ್ಟರು ರಕ್ತದ ರಿಪೋರ್ಟಿಗಾಗಿ ಕಾಯುತ್ತಿದ್ದರು. ಕರೆ ಮಾಡಿ ಮಾಡಿ ಸೋತ ಜಲಜಾಕ್ಷಿ, ತನಗೆ ಕೊಟ್ಟಿದ್ದ, ಅಲ್ಲಿಯವರೆಗೆ ಮುಟ್ಟದಿದ್ದ ಆ ಒಂದು ಆಜ್ಞೆಯನ್ನು ಟೈಪ್ ಮಾಡಿ ತನ್ನ ಪಾಸ್‌ವರ್ಡ್ ಒತ್ತಿದರು. ಪ್ರೋಗ್ರಾಂ ಎದ್ದಿತು. ರಿಪೋರ್ಟ್ ಡಾಕ್ಟರರ ಪರದೆಗೆ ಬಂತು. ಆ ಹೆಂಗಸು ಈಗ ಚೆನ್ನಾಗಿದ್ದಾರೆ.

ಸಂಜೆ ಫೋನ್ ತೆರೆದಾಗ ಜಲಜಾಕ್ಷಿಯವರ ಮೆಸೇಜು ಇತ್ತು: “ನಿಂತಿತ್ತು, ನಾನೇ ಸರಿ ಮಾಡಿದೆ. ಉಮ್ಮ ಹೇಗಿದ್ದಾರೆ?”

“ಕಾರಿಡಾರಿನಲ್ಲಿ ಕೂತು ಅತ್ತುಬಿಟ್ಟೆ. ಖುಷಿಗಾ ಅಂತ ಕೇಳಿದ್ರೆ ಗೊತ್ತಿಲ್ಲ. ಅಷ್ಟು ಸುಸ್ತಾಗಿತ್ತು,” ಎನ್ನುತ್ತಾರೆ ರಿಝ್ವಾನಾ.

ನಬೀಸುಮ್ಮ ಈಗ ಮನೆಯಲ್ಲಿದ್ದಾರೆ. ಸರ್ವರ್ ನೋಡಿಕೊಳ್ಳಲು ಇನ್ನೊಬ್ಬರನ್ನು ಕೊಡಿ ಎಂದು ರಿಝ್ವಾನಾ ಕೇಳುತ್ತಲೇ ಇದ್ದಾರೆ. ‘ನೋಡುವ’ ಎಂಬ ಉತ್ತರ ಬರುತ್ತಲೇ ಇದೆ.

ಸಾಲನ್ನು ಉಳಿಸಿ ಅವರು ಕುರ್ಚಿಗೆ ಒರಗುತ್ತಾರೆ. ಹೊರಗೆ ಒ.ಪಿ. ಚೀಟಿಗೆ ಜನ ಸೇರುತ್ತಿದ್ದಾರೆ.

“ಎಲ್ಲವನ್ನೂ ಮಾಡಬಹುದು ಅಂತ ಇದರಲ್ಲಿ ಇರುದು ನನ್ನ ಹೆಸರಿಗೆ ಮಾತ್ರ. ಇನ್ನೊಬ್ಬರು ಬಂದ್ರೆ ಅರ್ಧ ಅವರಿಗೆ ಬರೆದುಕೊಡ್ತೇನೆ. ಆದ್ರೆ ಆ ದಿನ ನಾನಿಲ್ಲದೆಯೂ ನಡೀತಲ್ಲ,” ಎಂದು ಸಣ್ಣಗೆ ನಗುತ್ತಾರೆ. “ಅದಕ್ಕೇ ಅಲ್ವಾ ನಾನು ಇದನ್ನೆಲ್ಲ ಬರೆದದ್ದು.”