ಎಂಟರ ಗಾಲಿಗೆ ಒಂಬತ್ತರ ಲಿವರ್

ಮಗಳಿಗೆ ಗೇರ್ ಸೈಕಲ್ ಕೊಡಿಸಿದ್ದು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅತ್ತಿಗುಪ್ಪೆಯ ನಮ್ಮ ಬೀದಿಯಲ್ಲಿ ಅರ್ಧ ಜನ ಅದನ್ನು ಅವಳ ಸೋದರಮಾವ ಕೊಡಿಸಿದ್ದು ಎಂದುಕೊಂಡಿದ್ದಾರೆ.

ಸೋದರಮಾವ ಅಂದರೆ ನನ್ನ ಹೆಂಡತಿಯ ತಮ್ಮ. ಮನೆ ಅನ್ನಪೂರ್ಣೇಶ್ವರಿ ನಗರದಲ್ಲಿ. ವಿಪರೀತ ಸೈಕಲ್ ಹುಚ್ಚು. ಅವನ ಬಳಿ ಮೂರು ಸೈಕಲ್ ಇವೆ, ಮೈಗಂಟುವ ಬಣ್ಣದ ಅಂಗಿಗಳಿವೆ, ಭಾನುವಾರ ಬೆಳಿಗ್ಗೆ ಜೊತೆಗೆ ಹೊರಡುವ ಗುಂಪಿದೆ. ಒಬ್ಬ ಮಗನೂ ಇದ್ದಾನೆ, ಆದರೆ ಆ ಹುಡುಗನಿಗೆ ಸೈಕಲ್ ಕಂಡರೆ ಆಗುವುದಿಲ್ಲ. ಹಾಗಾಗಿ ಇವನ ಸೈಕಲ್ ಪಾಠವೆಲ್ಲ ನನ್ನ ಮಗಳಿಗೆ.

ಅವನ ಮೇಲಿನ ನನ್ನ ಹೊಟ್ಟೆಕಿಚ್ಚು ಇವತ್ತು ನಿನ್ನೆಯದಲ್ಲ. ಮಗಳಿಗೆ ಕಿವಿ ಚುಚ್ಚಿಸಿದಾಗ ಶಾಸ್ತ್ರದ ಪ್ರಕಾರ ಮಗು ಕೂರಬೇಕಾದ್ದು ಸೋದರಮಾವನ ತೊಡೆಯ ಮೇಲೆ. ಅಡುಗೆಯವರನ್ನು ಗೊತ್ತು ಮಾಡಿದ್ದು ನಾನು, ಶಾಮಿಯಾನ ಹಾಕಿಸಿದ್ದು ನಾನು, ತೊಡೆ ಮಾತ್ರ ಅವನದು. ಕಿವಿಗೆ ಸೂಜಿ ತಾಗಿದ್ದೇ ತಡ, ಮಗು ಕಿರುಚಿ ಅವನ ಕತ್ತನ್ನು ತಬ್ಬಿಕೊಂಡಿತು. ನಾನು ಕೈ ಚಾಚಿದರೂ ಬರಲಿಲ್ಲ. ಎಲ್ಲರೂ ನಕ್ಕರು. ಫೋಟೋದಲ್ಲಿ ನಾನೊಬ್ಬ ನಕ್ಕಿಲ್ಲ.

ಆ ಮಗು ಈಗ ಕಾಲೇಜಿಗೆ ಹೋಗುತ್ತಾಳೆ. ನಾನು ಊರಲ್ಲಿ ಇಲ್ಲದ ಒಂದು ಭಾನುವಾರ ಭಾಮೈದ ಬಂದು, ಅವಳ ಸೈಕಲ್ಲಿನ ಹ್ಯಾಂಡಲ್ ಮೇಲಿದ್ದ ಗೇರ್ ಲಿವರನ್ನು ಬಿಚ್ಚಿ, ತನ್ನ ದುಬಾರಿ ಸೈಕಲ್ಲಿನ ಲಿವರ್ ಹಾಕಿ ಹೋಗಿದ್ದ. ನಾನು ಬ್ಯಾಗು ಇಳಿಸುವ ಮೊದಲೇ ಮಗಳು ಶುರುಮಾಡಿದಳು.

"ಅಪ್ಪಾ, ಒತ್ತಿ ನೋಡು, ಎಷ್ಟು ಸ್ಮೂತಾಗಿದೆ! ಹಿಂದಿನ ಚಕ್ರಕ್ಕೆ ಕ್ಯಾಸೆಟ್ಟೂ ಮಾಮನೇ ತರ್ತಾನಂತೆ. ಅಲ್ಲೀವರೆಗೂ ಓಡಿಸ್ಬೇಡ ಅಂದಿದಾನೆ."

ಕ್ಯಾಸೆಟ್ ಅಂದರೆ ಹಾಡಿನದಲ್ಲ. ಹಿಂದಿನ ಚಕ್ರದ ನಡುವೆ ದೊಡ್ಡದರಿಂದ ಚಿಕ್ಕದರವರೆಗೆ ಸಾಲಾಗಿ ಜೋಡಿಸಿದ ಹಲ್ಲುಗಾಲಿಗಳು. ಗೇರ್ ಬದಲಿಸಿದಾಗ ಚೈನು ಒಂದರಿಂದ ಇನ್ನೊಂದಕ್ಕೆ ಹತ್ತಿ ಇಳಿಯುವುದು ಇವುಗಳ ಮೇಲೆ. ಲಿವರ್ ಆಗಲೇ ಅವನದಾಗಿತ್ತು. ಕ್ಯಾಸೆಟ್ಟೂ ಅವನದೇ ಆದರೆ ನನ್ನದು ಅಂತ ಉಳಿಯುವುದು ಸೀಟು ಮತ್ತು ಸ್ಟ್ಯಾಂಡು.

ಮಾರನೇ ದಿನವೇ ಹಿಂದಿನ ಚಕ್ರವನ್ನಷ್ಟೇ ಬಿಚ್ಚಿ, ಸ್ಕೂಟರಿನಲ್ಲಿ ಕಾಲಿಡುವ ಜಾಗದಲ್ಲಿ ನಿಲ್ಲಿಸಿಕೊಂಡು ವಿಜಯನಗರದ ಅಂಗಡಿಗೆ ಹೋದೆ. "ಎಷ್ಟು ಸ್ಪೀಡಿಂದು ಸಾರ್?" ಅಂದ ಅಂಗಡಿಯವನು, ಎಷ್ಟು ಗಾಲಿಯೋ ಅಷ್ಟು ಸ್ಪೀಡು ಎಂಬ ಲೆಕ್ಕದಲ್ಲಿ ತಾನೇ ಗಾಲಿ ಎಣಿಸಿಕೊಂಡು, ಎಂಟರ ಹಳೆಯದನ್ನು ತೆಗೆದು ಎಂಟರ ಹೊಸದನ್ನು ಕೂರಿಸಿಕೊಟ್ಟ. ಲಿವರ್ ಬದಲಾಗಿರುವ ವಿಷಯ ನಾನು ಹೇಳಲಿಲ್ಲ. ಆ ಲಿವರಿನ ಮಾತೇ ನನಗೆ ಬೇಕಿರಲಿಲ್ಲ.

ಸಂಜೆ ಮಗಳು ಫೋನಿನಲ್ಲಿ ಅವನಿಗೆ ಸುದ್ದಿ ಮುಟ್ಟಿಸಿದಳು. "ಭಾವ ಎಷ್ಟು ಸ್ಪೀಡಿಂದು ಹಾಕ್ಸಿದ್ರು ಕೇಳು" ಅನ್ನುವುದು ನನಗೂ ಕೇಳಿಸಿತು.

"ಸರಿಯಾದದ್ದೇ ಹಾಕ್ಸಿದೀನಿ ಅಂತ ಹೇಳು" ಅಂದೆ.

ಶುರುವಾಯಿತು ನೋಡಿ. ಚಿಕ್ಕ ಗಾಲಿಗಳ ಮೇಲೆ ಚೈನು ತೆಪ್ಪಗೆ ಓಡುತ್ತಿತ್ತು. ದೊಡ್ಡ ಗಾಲಿಗಳ ಕಡೆ ಬರುತ್ತ ಬರುತ್ತ ಕಟಕಟ ಅನ್ನುತ್ತಿತ್ತು. ಏರು ರಸ್ತೆಯಲ್ಲಂತೂ ಎರಡು ಗಾಲಿಗಳ ನಡುವೆ ತಡವರಿಸಿ ದಡಕ್ಕನೆ ಜಾರುತ್ತಿತ್ತು. ಕೇಬಲ್ ಬಿಗಿಮಾಡುವ ಪುಟ್ಟ ತಿರುಪನ್ನು ತಿರುಗಿಸಿದೆ. ದೊಡ್ಡವು ಸರಿಹೋದವು, ಚಿಕ್ಕವು ಕೆಟ್ಟವು. ಹಿಂದಕ್ಕೆ ತಿರುಗಿಸಿದೆ, ಚಿಕ್ಕವು ಸರಿಹೋದವು, ದೊಡ್ಡವು ಕೆಟ್ಟವು. ಹೊಸ ಕೇಬಲ್ ಎಳೆದೆ. ಎಣ್ಣೆ ಬಿಟ್ಟೆ. ಚೈನನ್ನು ಪಕ್ಕಕ್ಕೆ ತಳ್ಳುವ ತೋಳು ಸೊಟ್ಟಗಿದೆಯೇನೋ ಎಂದು ಕುಕ್ಕರಗಾಲಲ್ಲಿ ಕೂತು ಒಂದು ಕಣ್ಣು ಮುಚ್ಚಿ ನೋಡಿದೆ. ಅದು ನೆಟ್ಟಗೇ ಇತ್ತು.

ನಾನು ಸ್ಪ್ಯಾನರ್ ಕೆಳಗಿಟ್ಟಾಗಲೆಲ್ಲ ಮಗಳು ಕೇಳುತ್ತಿದ್ದಳು, "ಮಾಮಂಗೆ ಫೋನ್ ಮಾಡ್ಲಾಪ್ಪ?"

"ಬೇಡ."

ಮುಂದಿನ ಭಾನುವಾರ ಅವಳು ಮೊದಲ ಸಲ ಮಾವನ ಗುಂಪಿನ ಜೊತೆ ಕೆಂಗೇರಿ ದಾಟಿ ಬಿಡದಿಯವರೆಗೆ ಹೋಗುವವಳಿದ್ದಳು. ಶನಿವಾರ ಮಧ್ಯಾಹ್ನ ಊಟಕ್ಕೆ ಕೂತಾಗ ನನಗೆ ಸಮಾಧಾನ ಹೇಳಿದಳು, "ಸರಿ ಹೋಗ್ಲಿಲ್ಲ ಅಂದ್ರೂ ಪರ್ವಾಗಿಲ್ಲಪ್ಪ. ಮಾಮ ತನ್ನ ಇನ್ನೊಂದು ಸೈಕಲ್ ಕೊಡ್ತಾನಂತೆ."

ಮೈಯೆಲ್ಲ ಉರಿದುಹೋಯಿತು. ನಾನು ಕೊಡಿಸಿದ ಸೈಕಲ್ ಮನೆಯಲ್ಲಿ ಗೋಡೆಗೆ ಒರಗಿರಬೇಕು, ಅವಳು ಅವನದನ್ನು ತುಳಿಯುತ್ತ ಬಿಡದಿಗೆ ಹೋಗಬೇಕು. ಅರ್ಧ ಊಟಕ್ಕೇ ಕೈ ತೊಳೆದು ಎದ್ದೆ.

ಸೈಕಲನ್ನು ಮನೆಮುಂದೆ ತಲೆಕೆಳಗು ನಿಲ್ಲಿಸಿದೆ. ಪೆಡಲ್ ತಿರುಗಿಸುತ್ತ ಲಿವರ್ ಒಂದೊಂದೇ ಸಲ ಒತ್ತಿ, ಅದು ಎಷ್ಟು ಕಡೆ ನಿಲ್ಲುತ್ತದೆಂದು ಎಣಿಸಿದೆ. ಒಂಬತ್ತು. ಹಿಂದೆ ಬಂದು ಗಾಲಿ ಎಣಿಸಿದೆ. ಎಂಟು. ಆಗ ಗೊತ್ತಾಯಿತು. ಒಂಬತ್ತರ ಲಿವರ್ ಪ್ರತಿ ಸಲವೂ ಕೇಬಲನ್ನು ಸ್ವಲ್ಪ ಕಮ್ಮಿ ಎಳೆಯುತ್ತದೆ, ಎಂಟರ ಗಾಲಿಗಳ ನಡುವಿನ ಸಂದು ಸ್ವಲ್ಪ ಜಾಸ್ತಿ. ಮೊದಲೆರಡು ಗಾಲಿಗೆ ಹೇಗೋ ನಡೆಯುತ್ತದೆ, ಆಮೇಲೆ ಚೈನು ಮುಟ್ಟಬೇಕಾದ ಗಾಲಿಯನ್ನು ಮುಟ್ಟುವುದೇ ಇಲ್ಲ. ಅವನ ಲಿವರ್ ಒಳ್ಳೆಯದೇ, ನನ್ನ ಕ್ಯಾಸೆಟ್ಟೂ ಒಳ್ಳೆಯದೇ. ಎರಡೂ ಒಂದೇ ಸೈಕಲ್ಲಿನಲ್ಲಿ ಇರುವಂತಿರಲಿಲ್ಲ.

ಯಾವುದು ಹೊರಗೆ ಹೋಗಬೇಕು ಎಂದು ನಾನು ಕ್ಷಣವೂ ಯೋಚಿಸಲಿಲ್ಲ. ಹಳೆಯ ಲಿವರ್ ಚಪ್ಪಲಿ ಸ್ಟ್ಯಾಂಡಿನ ಡ್ರಾಯರಿನಲ್ಲಿತ್ತು. ನಾನು ಭಾಮೈದನದನ್ನು ಬಿಚ್ಚುತ್ತಿದ್ದಾಗ ಹೆಂಡತಿ ಕಾಫಿ ತಂದಳು.

"ಅವನು ಪ್ರೀತಿಯಿಂದ ಹಾಕಿದ್ದು ಕಣ್ರೀ."

"ನಾನೇನು ದ್ವೇಷದಿಂದ ಹಾಕ್ಸಿದ್ನಾ?"

ಅವಳು ಲೋಟ ಮೆಟ್ಟಿಲ ಮೇಲಿಟ್ಟು ಒಳಗೆ ಹೋದಳು. ಕತ್ತಲಾಗುವ ಮೊದಲೇ ಕೆಲಸ ಮುಗಿಯಿತು. ಮಗಳು ಮೆಟ್ರೋ ಸ್ಟೇಷನ್‌ವರೆಗೆ ಹೋಗಿಬಂದು, "ಅಪ್ಪಾ, ಸದ್ದೇ ಇಲ್ಲ!" ಅಂದಳು. ಆಗ ಆದಷ್ಟು ಖುಷಿ ನನಗೆ ಸೈಕಲ್ ಕೊಡಿಸಿದ ದಿನವೂ ಆಗಿರಲಿಲ್ಲ.

ಬೆಳಿಗ್ಗೆ ಅವಳನ್ನು ಕರೆದೊಯ್ಯಲು ಬಂದ ಭಾಮೈದನ ಕಣ್ಣು ಮೊದಲು ಹೋದದ್ದೇ ಹ್ಯಾಂಡಲ್ ಮೇಲೆ. ಅವನ ಲಿವರನ್ನು ಪೇಪರಿನಲ್ಲಿ ಸುತ್ತಿ ಕೈಗಿಟ್ಟೆ.

"ಇದು ಒಂಬತ್ತರದ್ದು. ಹೊಂದಲ್ಲ" ಅಂದೆ, ಗೆದ್ದವನ ಗತ್ತಿನಲ್ಲಿ.

ಅವನು ಅದನ್ನು ಅಂಗಿಯ ಬೆನ್ನಿನ ಜೇಬಿಗೆ ಹಾಕಿಕೊಂಡ. ವಾದ ಮಾಡುತ್ತಾನೆ ಅಂದುಕೊಂಡಿದ್ದೆ, ಮಾಡಲಿಲ್ಲ.

"ನಮ್ಮನೇಲಿ ಸೈಕಲ್ ಮಾತೆತ್ತಿದ್ರೆ ಕೇಳೋರೇ ಇಲ್ಲ ಭಾವ" ಅಂದ. ಆಮೇಲೆ ತನ್ನ ಸೈಕಲ್ಲಿನ ಹಿತ್ತಾಳೆ ಬೆಲ್ಲನ್ನು ಬಿಚ್ಚಿ ಅವಳದಕ್ಕೆ ಹಾಕಿದ. "ಇದಕ್ಕೆ ಎಂಟೂ ಇಲ್ಲ, ಒಂಬತ್ತೂ ಇಲ್ಲ. ನಂದೂ ಒಂದು ಇರ್ಲಿ ಬಿಡಿ."

ಬೇಡ ಅನ್ನೋಣವೆಂದರೆ ಕಾರಣ ಸಿಗಲಿಲ್ಲ. ಬೆಲ್ಲು ಯಾವ ಸೈಕಲ್ಲಿಗಾದರೂ ಕೂರುತ್ತದೆ.

ಇಬ್ಬರೂ ಹೊರಟರು. ಮಗಳು ಗೇರ್ ಬದಲಿಸಿದಳು, ನಾನು ಕಿವಿಗೊಟ್ಟು ಕೇಳಿದೆ, ಸದ್ದಿಲ್ಲ. ಸರಿಯಾಗಿರುವ ಗೇರಿಗೆ ಸದ್ದಿರುವುದಿಲ್ಲ, ಅದನ್ನು ಯಾರೂ ತಿರುಗಿ ನೋಡುವುದೂ ಇಲ್ಲ. ಬೆಲ್ಲನ್ನು ಮಾತ್ರ ಅವಳು ಬೀದಿಯ ತುದಿಯವರೆಗೂ ಬಾರಿಸುತ್ತಲೇ ಹೋದಳು. ರಂಗೋಲಿ ಹಾಕುತ್ತಿದ್ದ ಎದುರುಮನೆಯಾಕೆ ತಲೆಯೆತ್ತಿ ನೋಡಿದರು.

"ಎಷ್ಟು ಚೆನ್ನಾಗಿದೆ ಬೆಲ್ಲು! ನೀವು ಹಾಕ್ಸಿದ್ದಾ?"

"ಹೂಂ, ನಾನೇ" ಅಂದೆ.